ಮೆಡಿಕಲ್‌ನವರ ಒಂದು ಮಾತು

ಜೆನೆರಿಕ್ ಔಷಧದ, ಅಂದರೆ ಬ್ರಾಂಡಿನ ಹೆಸರಿಲ್ಲದೆ ಒಳಗಿನ ಅಂಶದ ಹೆಸರಲ್ಲೇ ಮಾರುವ ಮದ್ದಿನ, ವಿಷಯ ಬಂದಾಗಲೆಲ್ಲ ವೈದ್ಯರನ್ನು ದೂರಿ ಸುಮ್ಮನಾಗುತ್ತೇವೆ. ಕೌಂಟರಿನ ಹಿಂದೆ ನಿಂತವರ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ಯಾರೂ ಚರ್ಚಿಸುವುದಿಲ್ಲ.

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಉಪ್ಪಳದ ಕಡೆಯ ನಮಗೆ ಕಾಯಿಲೆ ತುಸು ಜೋರಾದರೆ ಮಂಗಳೂರೇ ಗತಿ. ಅಲ್ಲಿ ಬರೆದುಕೊಟ್ಟ ಚೀಟಿಯಲ್ಲಿ ಇರುವುದು ಯಾವುದೋ ಕಂಪೆನಿಯ ಬ್ರಾಂಡ್ ಹೆಸರು. ಮೊನ್ನೆ ಊರಿನ ಮೆಡಿಕಲ್‌ನಲ್ಲಿ ಒಬ್ಬರು ಅಜ್ಜಿ ಬೀಪಿಯ ಮದ್ದಿಗೆ ಬಂದಿದ್ದರು. ಬೆಲೆ ಕೇಳಿ, "ಇದೇ ಮದ್ದು ಕಡಿಮೆಗೆ ಇಲ್ಲವಾ ಅಣ್ಣ?" ಎಂದರು. "ಇದೆ ಅಮ್ಮ, ಆದರೆ ಅದಕ್ಕೆ ನಾನು ಗ್ಯಾರಂಟಿ ಹೇಳುವುದಿಲ್ಲ." ಅಷ್ಟೇ ಸಾಕಾಯಿತು. ಅಜ್ಜಿ ದುಬಾರಿಯದನ್ನೇ ಅರ್ಧ ಸ್ಟ್ರಿಪ್ ಕತ್ತರಿಸಿ ಕೊಡಲು ಹೇಳಿದರು. ಅವಧಿ ಮುಗಿಯುವ ದಿನಾಂಕವಿದ್ದ ತುಂಡು ಅಂಗಡಿಯಲ್ಲೇ ಉಳಿಯಿತು. ದುಬಾರಿಯದು, ಅಗ್ಗದ್ದು, ಎರಡೂ ಸ್ಟ್ರಿಪ್‌ಗಳ ಮೇಲೆ ಇದ್ದದ್ದು ಒಂದೇ ಔಷಧದ ಹೆಸರು: ಟೆಲ್ಮಿಸಾರ್ಟನ್ 40 ಮಿ.ಗ್ರಾಂ.

ನನಗೆ ಸಿಟ್ಟು ಬಂತು. ಆದರೆ ಪೂರ್ತಿ ತಪ್ಪನ್ನು ಅಂಗಡಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಚೀಟಿಯಲ್ಲಿ ಬರೆದ ಶೆಡ್ಯೂಲ್ ಎಚ್ ಔಷಧದ (ವೈದ್ಯರ ಚೀಟಿ ಇಲ್ಲದೆ ಮಾರಬಾರದ ಮದ್ದಿನ) ಬದಲು, ಒಳಗಿನ ಅಂಶ ಒಂದೇ ಆಗಿದ್ದರೂ, ಬೇರೆ ಬ್ರಾಂಡ್ ಕೊಡಬಾರದೆಂದು ಔಷಧ ನಿಯಮಾವಳಿಯ 65ನೇ ನಿಯಮವೇ ಹೇಳುತ್ತದೆ. ಬೆಲೆ ನಿಯಂತ್ರಣದಲ್ಲಿರುವ ಔಷಧಗಳ ಬೆಲೆ ನಿಗದಿ ಮಾಡುವಾಗ ಚಿಲ್ಲರೆ ಅಂಗಡಿಗೆ ಶೇ. 16 ಲಾಭಾಂಶ ಸೇರಿಸುತ್ತಾರೆ; ಮಾತ್ರೆ ಅಗ್ಗವಾದಷ್ಟೂ ಅಂಗಡಿಯವರಿಗೆ ಉಳಿಯುವುದು ಕಡಿಮೆ. ಇನ್ನೊಂದು ಕಡೆ, ಸಗಟಿನಲ್ಲಿ ಅಗ್ಗವಾಗಿ ಬರುವ ಕೆಲವು ಜೆನೆರಿಕ್‌ಗಳ ಮೇಲೆ ಎಂ.ಆರ್.ಪಿ. ಮಾತ್ರ ಬ್ರಾಂಡಿನಷ್ಟೇ ಇರುತ್ತದೆ. ಅದರ ಲಾಭ ರೋಗಿಗೆ ತಲುಪುವುದೇ ಇಲ್ಲ. ಇದನ್ನು ಹತ್ತಿರದಿಂದ ಕಂಡವರಿಗೆ ಜೆನೆರಿಕ್ ಎಂದರೆ ಗುಮಾನಿ ಹುಟ್ಟದಿರುತ್ತದೆಯೇ?

ಗುಣಮಟ್ಟದ ಭಯವೂ ಬರಿಯ ನೆಪವಲ್ಲ. ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲೊಂದು ಔಷಧ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು. ಆದರೆ ನಕಲಿ ಮಾಡುವವರು ಹೆಸರುವಾಸಿ ಬ್ರಾಂಡುಗಳನ್ನೂ ಬಿಡುವುದಿಲ್ಲ. ಹೆಸರು ದೊಡ್ಡದಾದ ಮಾತ್ರಕ್ಕೆ ಮದ್ದು ಒಳ್ಳೆಯದೆಂದು ನಂಬಲು ಆಧಾರವಿಲ್ಲ.

2020ರ ಮಾರ್ಚ್‌ನಲ್ಲಿ, ಕೊರೋನಾ ಕಾಲದಲ್ಲಿ, ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿದಾಗ ಏನಾಯಿತು? ಮಂಗಳೂರಿನ ಮದ್ದು ಬರುವ ದಾರಿಯೇ ಇರಲಿಲ್ಲ. ಆಗ ಇದೇ ಅಂಗಡಿಯವರು ವೈದ್ಯರಿಗೆ ಫೋನ್ ಮಾಡಿ, ಒಪ್ಪಿಗೆ ಪಡೆದು, ಅದೇ ಔಷಧದ ಬೇರೆ ಬ್ರಾಂಡ್ ಕೊಟ್ಟರು. ಮಾತ್ರೆಯ ಬಣ್ಣ ಬದಲಾಯಿತೆಂದು ಹೆದರಿದವರನ್ನು ಕೂರಿಸಿ ವಿವರಿಸಿದರು. ಆ ಋಣವನ್ನು ನಾನು ಮರೆತಿಲ್ಲ. ಅಂದು ಹೇಳಿದ ಧೈರ್ಯವನ್ನು ಇಂದು ಯಾಕೆ ಹೇಳಬಾರದು ಎಂಬುದಷ್ಟೇ ನನ್ನ ಪ್ರಶ್ನೆ.

ದಕ್ಷಿಣ ಆಫ್ರಿಕಾದಲ್ಲಿ ಅಗ್ಗದ ಪರ್ಯಾಯವಿದೆ ಎಂದು ತಿಳಿಸುವುದು ಔಷಧಿಗಾರರ ಕರ್ತವ್ಯ. ವೈದ್ಯರು ಬದಲಿಸಬಾರದೆಂದು ಬರೆಯದಿದ್ದರೆ, ರೋಗಿ ಬೇಡವೆನ್ನದಿದ್ದರೆ, ಅದನ್ನೇ ಕೊಡಬೇಕು. ನಮ್ಮಲ್ಲಿ 2023ರ ಆಗಸ್ಟ್‌ನಲ್ಲಿ ವೈದ್ಯರು ಜೆನೆರಿಕ್ ಹೆಸರನ್ನೇ ಬರೆಯಬೇಕೆಂಬ ನಿಯಮ ಬಂತು, ಅದೇ ತಿಂಗಳು ತಡೆಹಿಡಿಯಲಾಯಿತು.

65ನೇ ನಿಯಮ ತಿದ್ದಲಿ. ಅಪಸ್ಮಾರ, ಥೈರಾಯ್ಡ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮುಂತಾದವುಗಳಲ್ಲಿ ಬ್ರಾಂಡ್ ಬದಲಿಸುವಾಗ ವೈದ್ಯರ ನಿಗಾ ಬೇಕೇ ಬೇಕು. ಅವುಗಳಿಗೆ ಬೇರೆ ಪಟ್ಟಿಯಿರಲಿ. ಉಳಿದವುಗಳಲ್ಲಿ ಔಷಧಿಗಾರರಿಗೆ ಅಧಿಕಾರ ಕೊಡಲಿ, ಮಾತ್ರೆಯ ಬೆಲೆ ಎಷ್ಟೇ ಇರಲಿ, ಅವರ ಸೇವೆಗೆ ಒಂದೇ ಶುಲ್ಕ ಸಿಗಲಿ. ಅಲ್ಲಿಯವರೆಗೆ, ಅಗ್ಗದ ಮದ್ದು ಕೇಳಿದವರಿಗೆ "ಗ್ಯಾರಂಟಿ ಇಲ್ಲ" ಎನ್ನುವ ಬದಲು ವೈದ್ಯರಿಗೆ ಒಂದು ಫೋನ್ ಮಾಡಿ ಎಂದು ನಮ್ಮ ಊರಿನ ಮೆಡಿಕಲ್‌ನವರಲ್ಲಿ ಕೇಳಿಕೊಳ್ಳುತ್ತೇನೆ.