ಪಾಪ್‌ಕಾರ್ನ್ ಚೆಲ್ಲಿದರೆ ಹಾಡಿಗೆ ಕತ್ತರಿ

ಅನಿಮೇಷನ್ ಚಿತ್ರದಲ್ಲಿ ಯಾವ ಹಾಡು ಇರಬೇಕು, ಯಾವುದು ಹೋಗಬೇಕು ಎಂದು ಸಂಗೀತ ಬಲ್ಲವರು ಕುಳಿತು ತೀರ್ಮಾನಿಸುತ್ತಾರೆ ಎಂದು ಬಹಳ ದಿನ ನಂಬಿದ್ದೆ. ಆ ಅಧಿಕಾರ ಪಾಪ್‌ಕಾರ್ನಿನ ಕೈಯಲ್ಲಿದೆ ಎಂದು ತಿಳಿದದ್ದು ತಡವಾಗಿ.

1989ರ ‘ದಿ ಲಿಟಲ್ ಮರ್ಮೇಡ್’ ಚಿತ್ರವನ್ನು ಬಿಡುಗಡೆಗೆ ಮುನ್ನ ಮಕ್ಕಳಿಗೆ ತೋರಿಸಿದರು. ಮತ್ಸ್ಯಕನ್ಯೆ ತನ್ನ ಮನದಾಸೆಯನ್ನು ಹಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಒಂದು ಮಗು ಪಾಪ್‌ಕಾರ್ನ್ ಚೆಲ್ಲಿಕೊಂಡು, ಅದನ್ನು ಹೆಕ್ಕುವುದರಲ್ಲಿ ಮುಳುಗಿತು. ಚಿತ್ರ ತಯಾರಿಸಿದ ಡಿಸ್ನಿ ಸ್ಟುಡಿಯೊದ ಮುಖ್ಯಸ್ಥ ಜೆಫ್ರಿ ಕ್ಯಾಟ್ಜೆನ್‌ಬರ್ಗ್ ಅದನ್ನು ಕಂಡರು. ಮಗುವಿಗೆ ಬೇಸರವಾಗಿದೆ, ಹಾಡನ್ನು ತೆಗೆಯಿರಿ ಎಂದರು. ಗೀತರಚನೆಕಾರ ಹೊವರ್ಡ್ ಆ್ಯಶ್‌ಮನ್ ಮತ್ತು ನಿರ್ದೇಶಕರು ಹಟ ಹಿಡಿಯದಿದ್ದರೆ ‘ಪಾರ್ಟ್ ಆಫ್ ಯುವರ್ ವರ್ಲ್ಡ್’ ಇಂದು ಯಾವುದೋ ಕಪಾಟಿನಲ್ಲಿ ಮಲಗಿರುತ್ತಿತ್ತು. ಮಗು ಹೆಕ್ಕಿ ತಿಂದ ಪಾಪ್‌ಕಾರ್ನಿಗೂ ಹಾಡಿಗೂ ಏನು ಸಂಬಂಧ ಎಂದು ಆ ಮಗುವನ್ನೇ ಕೇಳಬಹುದಿತ್ತು. ಸ್ಟುಡಿಯೊಗಳಲ್ಲಿ ಅಂಥ ಪದ್ಧತಿ ಇದ್ದಂತಿಲ್ಲ.

ಎಲ್ಲ ಹಾಡಿಗೂ ಹಟಮಾರಿ ಅಪ್ಪ ಉಳಿದಿರುವುದಿಲ್ಲ. ಆ್ಯಶ್‌ಮನ್ 1991ರಲ್ಲಿ ತೀರಿಕೊಂಡರು. ‘ಅಲಾದ್ದೀನ್’ಗಾಗಿ ಅವರು ಬರೆದಿದ್ದ ‘ಪ್ರೌಡ್ ಆಫ್ ಯುವರ್ ಬಾಯ್’, ಮಗನೊಬ್ಬ ತಾಯಿಗೆ ಕೊಡುವ ಮಾತು. ಕಥೆ ತಿದ್ದುವಾಗ ತಾಯಿಯ ಪಾತ್ರವನ್ನೇ ಕೈಬಿಟ್ಟರು. ಕೇಳುವವಳೇ ಇಲ್ಲದ ಮೇಲೆ ಹಾಡೂ ಹೋಯಿತು. 1992ರ ಚಿತ್ರದಿಂದ ಹೊರಬಿದ್ದದ್ದು 2014ರಲ್ಲಿ ಅದೇ ಕಥೆಯ ನಾಟಕದೊಂದಿಗೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗವನ್ನೇರಿತು. ತಾಯಿಯನ್ನು ಮಾತ್ರ ಅಲ್ಲಿಯೂ ಬದುಕಿಸಲಿಲ್ಲ. ಸತ್ತವಳನ್ನು ನೆನೆದು ಮಗ ಹಾಡುತ್ತಾನೆ.

ಇಂಥವಕ್ಕೆ ‘ಕಳೆದುಹೋದ ಹಾಡುಗಳು’ ಎಂಬ ಬಿರುದು ಬೇರೆ. ಕಳೆದುಹೋದ ವಸ್ತು ಎಲ್ಲಿದೆಯೆಂದು ಒಡೆಯನಿಗೂ ತಿಳಿದಿರಬಾರದು. ಇವುಗಳದ್ದಾದರೋ ಕಪಾಟಿನ ಸಂಖ್ಯೆಯೂ ವಕೀಲರಿಗೆ ಕಂಠಪಾಠ. ಸ್ಟುಡಿಯೊದವರು ತಾವು ಮಾರುವುದಿಲ್ಲ, ಹೇಗೋ ಹೊರಬಿದ್ದದ್ದನ್ನು ನಾವು ಕೇಳಿದರೆ ಕಳ್ಳರು. ತಾನೂ ತಿನ್ನ, ಪರರಿಗೂ ಕೊಡ ಎಂಬ ಗಾದೆಗೆ ಕಾನೂನಿನ ಮುದ್ರೆ ಒತ್ತಿದರೆ ಹೀಗಿರುತ್ತದೆ.

ಇಂಗ್ಲಿಷ್ ಗಾಯಕ ಸ್ಟಿಂಗ್ ಪಟ್ಟ ಪಾಡು ಇದಕ್ಕಿಂತ ಸೊಗಸು. ‘ಕಿಂಗ್‌ಡಮ್ ಆಫ್ ದಿ ಸನ್’ ಎಂಬ ಗಂಭೀರ ಚಿತ್ರಕ್ಕೆ ಆತ ಹಾಡುಗಳನ್ನು ಕಟ್ಟಿದ. ಚಿತ್ರ ಅರ್ಧದಲ್ಲಿ ಮಗ್ಗುಲು ಬದಲಿಸಿ, 2000ದಲ್ಲಿ ‘ದಿ ಎಂಪರರ್ಸ್ ನ್ಯೂ ಗ್ರೂವ್’ ಎಂಬ ಹಾಸ್ಯಚಿತ್ರವಾಗಿ ಎದ್ದಿತು. ಹಾಡುಗಳಲ್ಲಿ ಹೆಚ್ಚಿನವು ಚಿತ್ರದಿಂದ ಉದುರಿದವು. ಈ ಪಾಡನ್ನೆಲ್ಲ ಹೆಂಡತಿ ಟ್ರೂಡಿ ಸ್ಟೈಲರ್ ಕ್ಯಾಮೆರಾದಲ್ಲಿ ಹಿಡಿದಿದ್ದರು. ‘ದಿ ಸ್ವೆಟ್‌ಬಾಕ್ಸ್’ ಎಂಬ ಆ ಸಾಕ್ಷ್ಯಚಿತ್ರ 2002ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮುಖ ತೋರಿಸಿತು. ಆಮೇಲೆ ಸ್ಟುಡಿಯೊ ಅದನ್ನೂ ಒಳಗಿಟ್ಟಿತು. ಹಾಡು ಎಸೆದ ಕಥೆಗೂ ಹಾಡಿನದೇ ಗತಿ!

ಎಸೆದದ್ದನ್ನೇ ‘ಡೀಲಕ್ಸ್’ ಎಂದು ಮಾರುವ ಕಲೆಯೂ ಬೆಳೆದಿದೆ. 2013ರ ‘ಫ್ರೋಜನ್’ ಚಿತ್ರದಲ್ಲಿ ಬೇಡವಾದ ಹಾಡುಗಳು ಧ್ವನಿಸುರುಳಿಯ ಡೀಲಕ್ಸ್ ಆವೃತ್ತಿಯಲ್ಲಿ ಆಕರ್ಷಣೆಯಾದವು. ಅದರ ಬಗ್ಗೆ ನನ್ನ ತಕರಾರಿಲ್ಲ, ಕೇಳಲಾದರೂ ಸಿಕ್ಕವಲ್ಲ.

‘ದಿ ಲಯನ್ ಕಿಂಗ್’ನವರದು ಮಾತ್ರ ಉಲ್ಟಾ ದಾರಿ. 1994ರ ಚಿತ್ರದಲ್ಲಿ ಇಲ್ಲದ, ನಾಟಕಕ್ಕೆಂದು ಹುಟ್ಟಿದ ‘ದಿ ಮಾರ್ನಿಂಗ್ ರಿಪೋರ್ಟ್’ ಹಾಡನ್ನು ಹೊಸದಾಗಿ ಚಿತ್ರಿಸಿ 2003ರ ಡಿವಿಡಿಯಲ್ಲಿ ಚಿತ್ರದೊಳಗೆ ತುರುಕಿದರು. 2011ರ ಬ್ಲೂ-ರೇ ಬರುವಷ್ಟರಲ್ಲಿ ಅದನ್ನು ಮತ್ತೆ ಚಿತ್ರದಿಂದ ಹೊರಗಿಟ್ಟರು. ಈ ಬಾರಿ ಪಾಪ್‌ಕಾರ್ನ್ ಚೆಲ್ಲಿದ್ದು ಯಾರೋ!