ಗಾಳಿ ಪಕ್ಷ, ನೀರಿನ ಪಕ್ಷ

ಫ್ರಿಜ್ ತರುವಾಗ ನಮ್ಮ ಮನೆಯಲ್ಲಿ ಯಾರೂ ಜಗಳ ಆಡಲಿಲ್ಲ. ವಾಷಿಂಗ್ ಮಷಿನ್ ತರುವಾಗಲೂ ಇಲ್ಲ. ಮಗನ ಕಂಪ್ಯೂಟರಿನ ಮಿದುಳು, ಅಂದರೆ ಪ್ರೊಸೆಸರ್, ಅದರ ಬಿಸಿ ಇಳಿಸಲು ಒಂದು ಕೂಲರ್ ಬೇಕು ಅಂದಾಗ ಮಾತ್ರ ಮನೆ ಒಡೆಯಿತು. ಮಗ ನೀರಿನ ಪಕ್ಷ, ನೀರು ಸುತ್ತಿಸಿ ತಣ್ಣಗೆ ಮಾಡುವ ಲಿಕ್ವಿಡ್ ಕೂಲರೇ ಬೇಕು ಅನ್ನುವವನು. ನಾನು ಗಾಳಿ ಪಕ್ಷ, ಫ್ಯಾನಿನ ಏರ್ ಕೂಲರೇ ಸಾಕು ಅನ್ನುವವನು. ಹೆಂಡತಿ ಪಕ್ಷೇತರ. ಯಾವುದು ಕಡಿಮೆ ದುಡ್ಡೋ ಅದಕ್ಕೆ ಅವಳ ಬೆಂಬಲ.

ಜಗಳಕ್ಕೆ ಮೂಲ ರೈಜನ್ 7 7700ಎಕ್ಸ್ ಅನ್ನುವ ಆ ಪ್ರೊಸೆಸರ್. ಅದರ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಬೇರೆ ಕೊಳ್ಳಬೇಕು. ಅದರೊಳಗೆ ನಿಜವಾಗಿ ದುಡಿಯುವ ಚಿಪ್ ಹೆಬ್ಬೆರಳ ಉಗುರಿಗಿಂತ ಚಿಕ್ಕದು, ಸುಮಾರು 70 ಚದರ ಮಿಲಿಮೀಟರ್. ಆದರೆ ಹಸಿವು ದೊಡ್ಡದು. ಪೂರ್ತಿ ದುಡಿಸಿದರೆ ಪ್ರೊಸೆಸರ್ 142 ವ್ಯಾಟ್‌ವರೆಗೂ ನುಂಗುತ್ತದೆ. ನುಂಗಿದ್ದೆಲ್ಲ ಬಿಸಿಯಾಗಿ ಹೊರಗೆ ಬರಬೇಕು. 95 ಡಿಗ್ರಿ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

"ಲಿಕ್ವಿಡ್ ಕೂಲಿಂಗೇ ಬೇಕು ಅಪ್ಪ, 360 ಎಂಎಂ ರೇಡಿಯೇಟರ್," ಅಂದ ಮಗ. ರೇಡಿಯೇಟರ್ ಅಂದರೆ ಬಿಸಿ ಹೊತ್ತು ಬಂದ ನೀರನ್ನು ಫ್ಯಾನಿನ ಗಾಳಿಗೆ ತಣ್ಣಗೆ ಮಾಡುವ ಉದ್ದನೆಯ ಜಾಲರಿ.

ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ನೀರು ಹಾಕ್ತಾರೇನೋ ಅದಕ್ಕೆ? ಕಾವೇರಿ ನೀರೋ, ಬೋರ್ ನೀರೋ?"

"ಅಜ್ಜಿ, ಕಂಪನಿಯವರೇ ತುಂಬಿ ಸೀಲ್ ಮಾಡಿರ್ತಾರೆ."

"ಹಾಗಾದ್ರೆ ಬದಲಾಯಿಸೋದೇ ಇಲ್ವಾ? ವರ್ಷಾನುಗಟ್ಟಲೆ ಅದೇ ನೀರಾ? ಪಾಚಿ ಕಟ್ಟಲ್ವಾ?"

ಪಾಚಿ ಕಟ್ಟದ ಹಾಗೆ, ಒಳಗಿನ ಲೋಹ ತುಕ್ಕು ಹಿಡಿಯದ ಹಾಗೆ ಆ ನೀರಿಗೆ ಏನೇನೋ ಸೇರಿಸಿರುತ್ತಾರೆ. ಮಗ ಅದನ್ನು ವಿವರಿಸಿದ. ಸಾಲದು ಅಂತ ಇತಿಹಾಸಕ್ಕೂ ಕೈ ಹಾಕಿದ. 1985ರಲ್ಲಿ ಬಂದ ಕ್ರೇ-2 ಸೂಪರ್‌ಕಂಪ್ಯೂಟರಿನ ಸರ್ಕ್ಯೂಟುಗಳನ್ನೆಲ್ಲ ಫ್ಲೋರಿನರ್ಟ್ ಅನ್ನುವ ದ್ರವದಲ್ಲಿ ಪೂರ್ತಿ ಮುಳುಗಿಸಿಯೇ ಇಟ್ಟಿದ್ದರಂತೆ. ಅದು ವಿದ್ಯುತ್ ಹರಿಯಲು ಬಿಡದ ದ್ರವ. ಅಮ್ಮ ಒಪ್ಪಿಕೊಂಡರು. "ಜಾಮೂನು ಪಾಕಕ್ಕೆ ಬಿಟ್ಟ ಹಾಗೆ ಅನ್ನು."

ನಾನು ಗಾಳಿ ಪಕ್ಷ ಸೇರಿದ್ದಕ್ಕೆ ಕಾರಣ ನಮ್ಮ ಮೇಲಿನ ಮನೆಯವರು. ಅವರು 360ರ ಲಿಕ್ವಿಡ್ ಕೂಲರ್ ತಂದು ರೇಡಿಯೇಟರನ್ನು ಕ್ಯಾಬಿನೆಟ್ಟಿನ ತಳದಲ್ಲಿ ಕೂರಿಸಿದರು. ಪ್ರೊಸೆಸರಿನ ಮೇಲೆ ಕೂರುವ ಪಂಪು ಮೇಲಾಯಿತು, ರೇಡಿಯೇಟರ್ ಕೆಳಗಾಯಿತು. ಒಳಗಿರುವ ಚೂರುಪಾರು ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕಿಕೊಂಡು ಹೋಗುತ್ತದೆ. ಹೋಗಿ ಪಂಪಿನಲ್ಲೇ ಕೂತಿತು. ರಾತ್ರಿಯೆಲ್ಲ ಗುಳುಗುಳು. ಅವರ ಅತ್ತೆಗೆ ನಿದ್ದೆ ಇಲ್ಲ. ಯಾವುದೋ ನಲ್ಲಿ ಸೋರುತ್ತಿದೆ ಅಂತ ಬೆಳಗ್ಗೆಯೇ ಪ್ಲಂಬರನ್ನು ಕರೆಸಿದರು. ಅವನು ಸಿಂಕ್ ಕೆಳಗೆ ತೂರಿ ನೋಡಿದ, ಫ್ಲಶ್ ಟ್ಯಾಂಕ್ ಬಿಚ್ಚಿದ, ಸಂಪಿಗೂ ಇಳಿದು ಬಂದ. ಕೊನೆಗೆ ಕಂಪ್ಯೂಟರ್ ಹತ್ತಿರ ಕಿವಿ ಇಟ್ಟು, "ಸಾರ್, ಇದು ನಮ್ ಲೈನಲ್ಲ," ಅಂದು ವಿಸಿಟಿಂಗ್ ಚಾರ್ಜ್ ತಗೊಂಡು ಹೋದ. ರೇಡಿಯೇಟರನ್ನು ಮೇಲಕ್ಕೆ ಹಾಕಿದ ಮೇಲೆ ಸದ್ದು ನಿಂತಿತು. ಆದರೂ ಅತ್ತೆ ಈಗಲೂ ಆ ಡಬ್ಬದ ಪಕ್ಕ ಒಂದು ಒರೆಸೋ ಬಟ್ಟೆ ಇಟ್ಟೇ ಮಲಗುತ್ತಾರೆ.

ನಿಜ ಹೇಳಬೇಕೆಂದರೆ ಈ ಗಾಳಿ-ನೀರಿನ ಜಗಳವೇ ಸ್ವಲ್ಪ ಬೊಗಳೆ. ಏರ್ ಕೂಲರಿನ ತಾಮ್ರದ ಕೊಳವೆ ಇರುತ್ತದಲ್ಲ, ಅದರ ಹೊಟ್ಟೆಯಲ್ಲೂ ಒಂದಿಷ್ಟು ನೀರಿರುತ್ತದೆ. ಕೆಳಗೆ ಬಿಸಿ ತಾಗಿ ಆವಿಯಾಗುತ್ತದೆ, ಅಲ್ಯೂಮಿನಿಯಂ ತಗಡುಗಳ ಕಡೆ ಹೋಗಿ ತಣ್ಣಗಾಗಿ ಮತ್ತೆ ನೀರಾಗಿ ವಾಪಸ್ ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಇತ್ತ ಲಿಕ್ವಿಡ್ ಕೂಲರಿನ ನೀರು ಪೈಪಿನಲ್ಲಿ ಎಷ್ಟೇ ಸುತ್ತಿದರೂ ಕೊನೆಗೆ ರೇಡಿಯೇಟರಿಗೆ ಬಂದು ಫ್ಯಾನಿನ ಗಾಳಿಗೇ ಶರಣು. ಎರಡೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರವು. ಮೇ ತಿಂಗಳ ಕಲಬುರಗಿಯಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ 360 ರೇಡಿಯೇಟರೂ ಅಲ್ಲಿಂದಲೇ ಲೆಕ್ಕ ಶುರು ಮಾಡಬೇಕು.

ಹಾಗಂತ ನೀರಿನ ಪಕ್ಷಕ್ಕೆ ಅನ್ಯಾಯ ಮಾಡಬಾರದು. 253 ವ್ಯಾಟ್‌ವರೆಗೂ ಹೋಗುವ ಕೋರ್ ಐ9-14900ಕೆ ಥರದ ಪ್ರೊಸೆಸರನ್ನು ಗಂಟೆಗಟ್ಟಲೆ ವಿಡಿಯೋ ಕೆಲಸಕ್ಕೆ ಹಚ್ಚುವವರಿಗೆ ದೊಡ್ಡ ರೇಡಿಯೇಟರೇ ಸರಿ. ನಮ್ಮವನು ಹಚ್ಚುವುದು ಕಾರ್ ರೇಸಿಗೆ. ಫ್ಯಾನ್ ಕೆಟ್ಟರೆ ಫ್ಯಾನ್ ಒಂದನ್ನೇ ಬದಲಾಯಿಸಬಹುದು. ಪಂಪ್ ಕೆಟ್ಟರೆ ಸಾಮಾನ್ಯವಾಗಿ ಇಡೀ ಸೆಟ್ಟೇ ಗುಜರಿಗೆ. ಈ ಮಾತಿಗೆ ಪಕ್ಷೇತರರ ವೋಟು ನನಗೆ ಬಿತ್ತು.

ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಎರಡು ಗೋಪುರದ ಏರ್ ಕೂಲರ್ ತೋರಿಸಿದರು. ಒಂದು ಕೆಜಿಗೂ ಜಾಸ್ತಿ ತೂಕ. ಇಂಥವು ಸುಮಾರು 160 ಮಿಲಿಮೀಟರ್ ಎತ್ತರ ಇರುತ್ತವೆ. ಗಾಳಿ ಪಕ್ಷದವರು ಕೈಮುಗಿಯುವ ನೊಕ್ಟುವಾ ಎನ್‌ಎಚ್-ಡಿ15 ಅಂತೂ 165. "ನಮ್ಮ ಕ್ಯಾಬಿನೆಟ್ಟಿಗೆ ಆಗುತ್ತಾ?" ಅಂತ ಕೇಳಿದ್ದಕ್ಕೆ ಅಂಗಡಿ ಹುಡುಗ ತಲೆ ಎತ್ತದೆ, "ಆರಾಮಾಗ್ ಕೂರುತ್ತೆ ಸಾರ್," ಅಂದ. ಕೂತಿತು, ಆರಾಮಾಗಿಯೇ. ಪಕ್ಕದ ಗಾಜಿನ ಬಾಗಿಲು ಮಾತ್ರ ಮುಚ್ಚಲಿಲ್ಲ. ಎರಡು ಮಿಲಿಮೀಟರ್ ಹೊರಗೆ ಮೂಗು ಚಾಚಿಕೊಂಡಿತ್ತು. ಪ್ರೊಸೆಸರಿಗೂ ಕೂಲರಿಗೂ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಒಮ್ಮೆ ಹಚ್ಚಿದ್ದನ್ನು ವಾಪಸ್ ತಗೊಳ್ಳಲ್ಲ ಅಂದರು ಅಂಗಡಿಯವರು. ಗಾಜು ತೆಗೆದು ಮಂಚದ ಕೆಳಗೆ ಇಟ್ಟೆವು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅಮ್ಮ ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಕುಂಕುಮ ಇಟ್ಟು ಕಂಪ್ಯೂಟರಿನ ತನಕ ಬಂದರು. ಬಾಗಿಲು ತೆರೆದೇ ಇತ್ತು. ಗರ್ಭಗುಡಿಯೇ ಸಿಕ್ಕಿತು ಅನ್ನಿ. ಕೂಲರಿನ ನೆತ್ತಿಯ ಮೇಲೆ ಒಂದು ದೊಡ್ಡ ಹಳದಿ ಸೇವಂತಿಗೆ ಇಟ್ಟು, ಗಂಧದಕಡ್ಡಿ ಬೆಳಗಿ ಹೋದರು.

ರಾತ್ರಿ ಮಗ ಓಡಿ ಬಂದ. "ಅಪ್ಪ, ಸಿಪಿಯು ಟಿಕ್ ಟಿಕ್ ಅಂತಿದೆ, ಹೋಯ್ತು!" ಟಾರ್ಚ್ ಬಿಟ್ಟು ನೋಡಿದೆ. ಫ್ಯಾನ್ ಹೂವನ್ನು ಎಳೆದುಕೊಂಡು ಎಸಳೆಸಳು ಮಾಡಿತ್ತು. ಒಂದೇ ಒಂದು ಎಸಳು ಫ್ಯಾನ್ ಹಿಡಿದಿಡುವ ತಂತಿಗೆ ಸಿಕ್ಕಿಕೊಂಡು, ರೆಕ್ಕೆ ಬಂದಾಗಲೆಲ್ಲ ಏಟು ತಿನ್ನುತ್ತಿತ್ತು. ಉಳಿದವು ತಗಡುಗಳ ಸಂದಿಯಲ್ಲಿ ಸಾಲಾಗಿ ನಿಂತಿದ್ದವು. ಹೆಂಡತಿ ಹುಬ್ಬಿನ ಚಿಮಟ ತಂದು ಒಂದೊಂದಾಗಿ ಕಿತ್ತಳು. "ನೀರಿಂದು ತಗೊಂಡಿದ್ರೆ ಹೀಗಾಗ್ತಿತ್ತಾ?" ಅಂತ ಮಗ ಗೊಣಗಿದ. ರೇಡಿಯೇಟರಿಗೂ ಮೂರು ಫ್ಯಾನ್ ಇರುತ್ತೆ ಮಗನೇ, ಅಜ್ಜಿ ಮೂರು ಹೂವು ಇಡ್ತಿದ್ರು ಅಂದೆ.

ಆಮೇಲೆ ಸ್ವಲ್ಪ ಅಗಲದ ಕ್ಯಾಬಿನೆಟ್ ತಂದು ಬಾಗಿಲು ಮುಚ್ಚಿದ್ದಾಯಿತು. ಉಳಿಸಿದ ದುಡ್ಡು ಅಲ್ಲಿಗೆ ಹೋಯಿತು.

ಡಿಸೆಂಬರ್ ಬಂತು. ಬೆಂಗಳೂರಿನ ಚಳಿಗೆ ದೋಸೆ ಹಿಟ್ಟು ಹುಳಿ ಬರುತ್ತಿರಲಿಲ್ಲ. ಒಂದು ರಾತ್ರಿ ನೋಡಿದರೆ ಕಂಪ್ಯೂಟರಿನ ಹಿಂದೆ, ಬಿಸಿ ಗಾಳಿ ಹೊರಗೆ ಬೀಳುವ ಕಡೆ, ಸ್ಟೂಲಿನ ಮೇಲೆ ಸ್ಟೀಲ್ ಪಾತ್ರೆ. ಬೆಳಗ್ಗೆ ಹಿಟ್ಟು ಉಕ್ಕಿ ಮುಚ್ಚಳ ಎತ್ತಿತ್ತು. ಮಾರನೇ ವಾರ ಹತ್ತೂವರೆಗೆ ನಾನು ಎಂದಿನಂತೆ, "ಸಾಕು ಆಡಿದ್ದು, ಆಫ್ ಮಾಡೋ," ಅಂತ ಕೂಗಿದೆ.

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಸುಮ್ನಿರೋ, ಈಗಷ್ಟೇ ರುಬ್ಬಿಟ್ಟಿದ್ದೀನಿ. ಇನ್ನೊಂದೆರಡು ರೇಸು ಆಡ್ಲಿ ಬಿಡು."