ಬುಕಿಂಗ್ ಇದೆ, ರೂಮಿಲ್ಲ

ಹೊಸಪೇಟೆಯ ಲಾಡ್ಜ್ ತಲುಪಿದಾಗ ರಾತ್ರಿ ಹನ್ನೊಂದು. ಕೌಂಟರಿನ ಹುಡುಗ ನನ್ನ ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದ. "ಬುಕಿಂಗ್ ಇದೆ ಸರ್, ರೂಮಿಲ್ಲ. ಮದುವೆ ಪಾರ್ಟಿ ಬಂತು, ಕ್ಯಾಶ್ ಕೊಟ್ರು."

ಜೊತೆಗಿದ್ದ ತಂಗಿ ಮಗ ಬೆಂಗಳೂರಿನ ಸಾಫ್ಟ್‌ವೇರಿನವನು. ಅವನ ಮುಖ ಅರಳಿತು. "ಮಾವ, ಇದಕ್ಕೇ ಬ್ಲಾಕ್‌ಚೈನ್ ಬೇಕು ಅನ್ನೋದು!"

ಹಾಲಿನಲ್ಲಿ ಹಾಸಿಕೊಟ್ಟ ಚಾಪೆಯ ಮೇಲೆ ಮಲಗಿ ಪಾಠ ಕೇಳಿದೆ. ಒಂದೇ ಲೆಕ್ಕದ ಪುಸ್ತಕ, ಸಾವಿರಾರು ಕಂಪ್ಯೂಟರುಗಳಲ್ಲಿ ಅದರ ಪ್ರತಿ. ಪ್ರತಿ ಪುಟಕ್ಕೂ ಹಿಂದಿನ ಪುಟದ ಗುರುತು ಅಂಟಿರುತ್ತದಂತೆ. ಒಂದಕ್ಷರ ತಿದ್ದಿದರೂ ಸಿಕ್ಕಿಬೀಳುತ್ತೀರಿ. ಸರಿ ಕಣೋ, ಆದರೆ ಇಲ್ಲಿ ಯಾರೂ ಏನೂ ತಿದ್ದಿಲ್ಲವಲ್ಲ? ನಮ್ಮ ಬುಕಿಂಗ್ ಭದ್ರವಾಗಿಯೇ ಇದೆ. ಮಂಚದ ಮೇಲೆ ಬೀಗರು ಮಲಗಿದ್ದಾರೆ, ಅಷ್ಟೇ.

"ದಲ್ಲಾಳಿಗಳೇ ಇರಲ್ಲ ಮಾವ!" ಪ್ರಯಾಣದ ಬುಕಿಂಗನ್ನು ಬ್ಲಾಕ್‌ಚೈನಿಗೆ ತರಲು ಹೊರಟ ಸ್ವಿಟ್ಜರ್ಲೆಂಡಿನ ವೈಂಡಿಂಗ್ ಟ್ರೀ ಸಂಸ್ಥೆ ಹೇಳಿದ್ದೂ ಇದನ್ನೇ. 2017ರಲ್ಲಿ ಲುಫ್ತಾನ್ಸಾ, 2018ರಲ್ಲಿ ಏರ್ ಫ್ರಾನ್ಸ್-ಕೆಎಲ್‌ಎಂ ವಿಮಾನ ಕಂಪನಿಗಳು ಅದರ ಜೊತೆ ಕೈಜೋಡಿಸಿದವು. ದಲ್ಲಾಳಿ ಬೇಡವೆಂದು ಅವರು ಹೊರತಂದದ್ದು 'ಲಿಫ್' ಅನ್ನೋ ಟೋಕನ್, ಅಂದರೆ ಕಂಪ್ಯೂಟರಿನೊಳಗಿನ ನಾಣ್ಯ. ಟೋಕನ್ ಬೇಕಾದರೆ ಅದನ್ನು ಕೊಳ್ಳುವ-ಮಾರುವ ಎಕ್ಸ್‌ಚೇಂಜಿಗೆ ಹೋಗಬೇಕು. ಎಕ್ಸ್‌ಚೇಂಜಿನವನು ಕಮಿಷನ್ ಮುರಿದುಕೊಳ್ಳುತ್ತಾನೆ. ಅವನು ದಲ್ಲಾಳಿಯಲ್ಲ, ಅವನ ಹೆಸರು ಬೇರೆ! ಇವತ್ತಿನವರೆಗೆ "ಲಿಫ್ ಇದೆಯಾ?" ಅಂತ ಕೇಳಿದ ಟಿಕೆಟ್ ಕೌಂಟರ್ ನಾನಂತೂ ಕಂಡಿಲ್ಲ.

ಇನ್ನು ವೇಗ. ಬಿಟ್‌ಕಾಯಿನ್‌ನ ಚೈನು ಸೆಕೆಂಡಿಗೆ ಸುಮಾರು 7 ವ್ಯವಹಾರ ಬರೆದುಕೊಳ್ಳುತ್ತದೆ. ಒಂದು ಬ್ಲಾಕ್, ಅಂದರೆ ಆ ಪುಸ್ತಕದ ಒಂದು ಪುಟ, ಸೇರಲು ಹತ್ತಿರ ಹತ್ತಿರ 10 ನಿಮಿಷ. ಬೆಳಿಗ್ಗೆ 10ಕ್ಕೆ ತತ್ಕಾಲ್ ಟಿಕೆಟ್ಟಿಗೆ ಬೆರಳು ನೆಟ್ಟು ಕೂತವರಿಗೆ ಇದನ್ನು ಹೇಳಿ ನೋಡಿ. ಬೇರೆ ಚೈನುಗಳು ಜಾಸ್ತಿ ಚುರುಕು ಅಂದ ಅಳಿಯ. ಅಷ್ಟು ಹೊತ್ತಿಗೆ ನನಗೆ ನಿದ್ದೆ ಬಂದಿತ್ತು.

ಬೆಳಿಗ್ಗೆ ವಿರೂಪಾಕ್ಷನ ಗುಡಿಗೆ ಹೋದೆವು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ನೆನಪಿಗೆ ರಂಗಮಂಟಪ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲಿದೆ. "ನೋಡು, ಐನೂರು ವರ್ಷದಿಂದ ಯಾರೂ ತಿದ್ದಿಲ್ಲ, ಕರೆಂಟೂ ಬೇಕಿಲ್ಲ" ಅಂದೆ. ನಮ್ಮ ಹಳಬರಿಗೆ ಸೆಕ್ಯುರಿಟಿಯೂ ಗೊತ್ತಿತ್ತು. ದಾನಶಾಸನದ ಕೊನೆಗೆ ಒಂದು ಶಾಪ ಬರೆಸುತ್ತಿದ್ದರು: ಇದನ್ನು ಕೆಡಿಸಿದವರು ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗಲಿ! ಯಾವ ಪಾಸ್‌ವರ್ಡಿಗೆ ಆ ತಾಕತ್ತಿದೆ? ಆದರೂ ಎಷ್ಟೋ ದತ್ತಿ ಭೂಮಿ ಕೈ ಬದಲಾಯಿತು. ಕಲ್ಲು ಮಾತ್ರ ಇದ್ದಲ್ಲೇ ಇದೆ.

ಅಳಿಯ ಸೋಲೊಪ್ಪಲಿಲ್ಲ. "ರಿವ್ಯೂಗಳಿಗಾದರೂ ಬ್ಲಾಕ್‌ಚೈನ್ ಬರಬೇಕು ಮಾವ. ಒಮ್ಮೆ ಬರೆದರೆ ಯಾರೂ ಅಳಿಸೋ ಹಾಗಿಲ್ಲ."

ಲಾಡ್ಜ್ ಬಿಡುವಾಗ ಕೌಂಟರಿನ ಹುಡುಗ ಇಬ್ಬರಿಗೂ ಟೀ ತರಿಸಿದ. ತಲೆ ಕೆರೆದುಕೊಳ್ಳುತ್ತಾ, "ಸರ್, ಐದು ಸ್ಟಾರ್ ಒತ್ತಿಬಿಡಿ, ಓನರ್ ಬೈತಾರೆ" ಅಂದ.

ಅಳಿಯ ಒತ್ತಿದ. ಕೆಳಗೆ 'ರೂಮು ವಿಶಾಲವಾಗಿದೆ' ಅಂತಲೂ ಬರೆದ.

ಹಾಲು ವಿಶಾಲವಾಗಿಯೇ ಇತ್ತು ಬಿಡಿ.